ಬಾಕ್ಸರ್‌ನ ಡಿಫೆನ್ಸ್ ಅಳೆಯುವುದು: ಕೈಗಿಂತ ಮೊದಲು ಕಾಲು ನೋಡಿ

ಹಾಸನ, ಚಿಕ್ಕಮಗಳೂರು ಕಡೆಯವರಿಗೆ ಪ್ರೊಫೆಷನಲ್ ಬಾಕ್ಸಿಂಗ್ ಅಂದರೆ ಮೊಬೈಲ್ ಪರದೆಯೇ. ಲಾಸ್ ವೇಗಸ್‌ನ ಶನಿವಾರ ರಾತ್ರಿಯ ದೊಡ್ಡ ಬೌಟು ನಮಗೆ ಭಾನುವಾರ ಬೆಳಗ್ಗೆ ತಿಂಡಿ ಹೊತ್ತಿಗೆ ಬರುತ್ತದೆ. ಲೈವ್ ನೋಡುವಾಗ ಡಿಫೆನ್ಸ್ ಅಳೆಯಲು ಹೋಗಬೇಡಿ, ಕಣ್ಣು ತಾನಾಗಿಯೇ ಹೊಡೆಯುವವನ ಕಡೆ ಓಡುತ್ತದೆ. ಅಳತೆಯೇನಿದ್ದರೂ ರೆಕಾರ್ಡಿಂಗ್‌ನಲ್ಲಿ. ಮೂಡಿಗೆರೆ ಆಚೆಯವರು ನೆಟ್‌ವರ್ಕ್ ನಂಬಿ ಕೂರದೆ ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ.

ಒಬ್ಬ ಬಾಕ್ಸರ್‌ಗೆ ಮೂರು ಬೌಟು ಸಾಕು: ಬಲಗೈ ಆಟಗಾರನ ಎದುರು ಒಂದು, ಎಡಗೈಯವನ, ಅಂದರೆ ಸೌತ್‌ಪಾದ ಎದುರು ಒಂದು, ಸೋತದ್ದು ಅಥವಾ ಸೋಲಿನಂಚಿಗೆ ಹೋದದ್ದು ಒಂದು. ಮೂರನೆಯದನ್ನು ಬಿಟ್ಟರೆ ಉಳಿದೆರಡು ನೋಡಿಯೂ ಹೆಚ್ಚು ಪ್ರಯೋಜನವಿಲ್ಲ. ಸುಲಭವಾಗಿ ಗೆದ್ದ ಬೌಟಿನಲ್ಲಿ ಎಲ್ಲರ ಡಿಫೆನ್ಸೂ ಚೆನ್ನಾಗಿಯೇ ಕಾಣುತ್ತದೆ. 12 ರೌಂಡಿನ ಬೌಟಾದರೆ 2, 6, 10ನೇ ರೌಂಡು ತೆಗೆದುಕೊಳ್ಳಿ. ಮೊದಲ ರೌಂಡು ಬರೀ ಅಂದಾಜು ಹಾಕುವುದರಲ್ಲಿ ಕಳೆಯುತ್ತದೆ. 10ರಲ್ಲಿ ಕಾಲು ಸೋತಾಗ ಅವನ ನಿಜವಾದ ಅಭ್ಯಾಸ ಹೊರಬರುತ್ತದೆ.

ಮೊದಲ ಸಲ ಸೌಂಡ್ ತೆಗೆದು ಕಾಲು ಮಾತ್ರ ನೋಡಿ. ಕಬಡ್ಡಿಯಲ್ಲಿ ರೈಡರ್‌ನ ಕಾಲು ನೋಡಿ ಅವನು ಯಾವ ಕಡೆ ನುಗ್ಗುತ್ತಾನೆಂದು ಹೇಳಬಲ್ಲವರಿಗೆ ಇದು ಹೊಸದೇನಲ್ಲ. ಹಿಂದೆ ಸರಿಯುವಾಗ ನೇರ ಸರಿಯುತ್ತಾನಾ, ಓರೆಯಾಗಿ ಸರಿಯುತ್ತಾನಾ? ಪಕ್ಕಕ್ಕೆ ಹೋಗುವಾಗ ಕಾಲಿಗೆ ಕಾಲು ಅಡ್ಡ ಬರುತ್ತದಾ? ಸೌತ್‌ಪಾ ಎದುರಿದ್ದಾಗ ಅವನ ಮುಂಗಾಲು ಎದುರಾಳಿಯ ಮುಂಗಾಲಿನ ಹೊರಗಿದೆಯಾ, ಒಳಗಿದೆಯಾ?

ಎರಡನೇ ಸಲ ಅರ್ಧ ವೇಗದಲ್ಲಿ, ಪೆನ್ನು ಹಿಡಿದು. ಎದುರಾಳಿಯ ಪ್ರತಿ ದಾಳಿಗೂ ಅವನು ಏನು ಮಾಡಿದ ಎಂದು ಗೀಟು ಹಾಕುತ್ತ ಹೋಗಿ: ಹೆಜ್ಜೆ ತೆಗೆದ, ಗ್ಲೌಸ್ ಅಥವಾ ತೋಳಲ್ಲಿ ತಡೆದ, ತಟ್ಟಿ ಸರಿಸಿದ, ತಲೆ ಜಾರಿಸಿದ, ಅಪ್ಪಿ ಹಿಡಿದ. ಮುಖ್ಯ ಕೆಲಸ ಇದರ ನಂತರ ಇದೆ. ಉದಾಹರಣೆಗೆ, ಜಾಬ್ (ಮುಂದಿನ ಕೈಯ ನೇರ ಏಟು) ಬಂತು, ತಲೆ ಹಿಂದಕ್ಕೆ ಎಳೆದುಕೊಂಡ, ಏಟು ತಪ್ಪಿತು. ಅಲ್ಲೇ ಪಾಸ್ ಒತ್ತಿ. ಗಲ್ಲ ಹಿಂಗಾಲಿನ ಹಿಮ್ಮಡಿಯನ್ನು ದಾಟಿ ಹಿಂದೆ ಹೋಗಿದ್ದರೆ ಅವನಿಗೆ ಇನ್ನು ಎಲ್ಲೂ ಹೋಗಲು ಜಾಗವಿಲ್ಲ. ಎರಡನೇ ಏಟು ಬಂದರೆ ಬಿತ್ತು ಅಂತಲೇ ಲೆಕ್ಕ. ಗಲ್ಲ ಎರಡು ಪಾದಗಳ ನಡುವೆಯೇ ಇದ್ದು, ಮೊಣಕಾಲು ಸ್ವಲ್ಪ ಮಡಿಸಿದ್ದರೆ ಅಲ್ಲಿಂದಲೇ ತಿರುಗಿ ಹೊಡೆಯಬಲ್ಲ. ಒಂಟಿ ಜಾಬ್ ತಪ್ಪಿಸಿಕೊಂಡದ್ದಕ್ಕೆ ಹೆಚ್ಚು ಅಂಕ ಕೊಡಬೇಡಿ. ಎರಡನೆಯ, ಮೂರನೆಯ ಏಟಿನ ಹೊತ್ತಿಗೆ ಎಲ್ಲಿದ್ದ ಅನ್ನುವುದೇ ಅಳತೆ.

ಗೀಟುಗಳನ್ನು ಕೂಡಿಸಿದರೆ ಶೈಲಿ ತಾನಾಗಿ ಕಾಣುತ್ತದೆ. ಎರಡೂ ಗ್ಲೌಸ್ ಕೆನ್ನೆಗೆ ಒತ್ತಿ ನಿಲ್ಲುವವನಿಗೆ ನಡುವೆ ನುಗ್ಗುವ ಅಪ್ಪರ್‌ಕಟ್ (ಕೆಳಗಿನಿಂದ ಮೇಲಕ್ಕೆ ಬರುವ ಏಟು), ಮೊಣಕೈ ಕೆಳಗಿನ ಹುಕ್ (ಪಕ್ಕದಿಂದ ಬಾಗಿ ಬರುವ ಏಟು) ಕಾಟ. ಮುಂದಿನ ಕೈ ಹೊಟ್ಟೆಗೆ ಅಡ್ಡವಿಟ್ಟು ಭುಜ ಹೊರಳಿಸುವ ಶೆಲ್ ಶೈಲಿಯಲ್ಲಿ ಮೇವೆದರ್ ಪಳಗಿದವನು. ಆದರೂ 2014ರ ಮೇನಲ್ಲಿ ಎದುರಾಳಿ ಮಾರ್ಕೊಸ್ ಮೈದಾನಾ ಅವನನ್ನು ಹಗ್ಗಕ್ಕೆ ಒತ್ತಿ, ಭುಜದ ಮೇಲಿಂದ ಬಲಗೈ ಬೀಸಿ ತೊಂದರೆ ಕೊಟ್ಟ. ತಲೆ ಆಡಿಸುತ್ತ ಬಗ್ಗಿ ಒಳನುಗ್ಗುವ ಟೈಸನ್ ರೀತಿಯವರಿಗೆ ಉದ್ದ ಜಾಬ್, ಬಗ್ಗಿದಾಗ ಅಪ್ಪರ್‌ಕಟ್. 1990ರಲ್ಲಿ ಟೋಕಿಯೋದಲ್ಲಿ ಬಸ್ಟರ್ ಡಗ್ಲಸ್ ಮಾಡಿದ್ದು ಅದನ್ನೇ. ಕಾಲನ್ನೇ ನಂಬಿದವನ ಹೊಟ್ಟೆಗೆ ಮೊದಲಿನಿಂದ ಏಟು ಬೀಳುತ್ತಿದ್ದರೆ ಕೊನೆಯ ರೌಂಡುಗಳ ಮೇಲೆ ಕಣ್ಣಿಡಿ.

ಇನ್ನು ರಿಂಗ್. ಹಗ್ಗದ ಒಳಗಿನ ಜಾಗ ಸಾಮಾನ್ಯವಾಗಿ 16ರಿಂದ 24 ಅಡಿ ಚೌಕ. ಪರದೆಯಲ್ಲಿ ಈ ಅಂತರ ಗೊತ್ತಾಗುವುದಿಲ್ಲ. ಖಾಲಿ ಕಾಫಿ ಕಣವಿದ್ದರೆ 20 ಅಡಿ ಚೌಕಕ್ಕೆ ಸುಣ್ಣದ ಗೆರೆ ಎಳೆದು, ಇಬ್ಬರು ಒಳಗೆ ನಿಂತು ಓಡಾಡಿ ನೋಡಿ. ನಡುವಿನಿಂದ ಹಿಂದೆ ಹಿಂದೆ ಹೆಜ್ಜೆ ಇಟ್ಟರೆ ಗೆರೆ ಎಷ್ಟು ಬೇಗ ಬಂತು ಅನ್ನುವುದು ಕಾಲಿಗೇ ಅರ್ಥವಾಗುತ್ತದೆ. (ಮಳೆಗಾಲದಲ್ಲಿ ಬೇಡ, ಕಣ ಪಾಚಿ ಕಟ್ಟಿರುತ್ತದೆ.)

ಆಮೇಲೆ ಅದೇ ರೌಂಡುಗಳಲ್ಲಿ ಅವನ ಬೆನ್ನು ಎಷ್ಟು ಸಲ ಹಗ್ಗ ಮುಟ್ಟಿತು, ಯಾವ ಕಡೆಯಿಂದ ಹೊರಬಂದ ಎಂದು ಬರೆಯಿರಿ. ಬಹಳ ಮಂದಿಗೆ ಒಂದೇ ಕಡೆಯ ಚಾಳಿ ಇರುತ್ತದೆ. ಬುದ್ಧಿವಂತ ಎದುರಾಳಿ ಆ ಕಡೆ ಹುಕ್ ಹಿಡಿದು ಕಾಯುತ್ತಾನೆ. ಬೇಕೆಂದೇ ಹಗ್ಗಕ್ಕೆ ಹೋದನಾ, ತಳ್ಳಿಸಿಕೊಂಡು ಹೋದನಾ ಅನ್ನುವುದೂ ಮುಖ್ಯ. 1974ರಲ್ಲಿ ಕಿನ್ಶಾಸಾದಲ್ಲಿ ಅಲಿ ಹಗ್ಗಕ್ಕೊರಗಿ ಫೋರ್‌ಮನ್‌ನನ್ನು ದಣಿಸಿ 8ನೇ ರೌಂಡಿನಲ್ಲಿ ಕೆಡವಿದ. ಆದರೆ ಅಲ್ಲಿಂದಲೂ ತಿರುಗಿ ಹೊಡೆಯುತ್ತಿದ್ದ. ಎರಡೂ ಕೈ ಮುಖಕ್ಕೆ ಮುಚ್ಚಿ, ಒಂದೂ ಏಟು ಹಿಂತಿರುಗಿಸದವನದ್ದು ತಂತ್ರವಲ್ಲ, ಸಂಕಟ.

ಲೆಕ್ಕ ತಪ್ಪುವ ಜಾಗಗಳೂ ಇವೆ. ಸದ್ದು ಮೋಸ ಮಾಡುತ್ತದೆ: 2022ರಲ್ಲಿ ಕನೆಲೊ ಹೊಡೆತಗಳು ಸದ್ದು ಮಾಡಿದರೂ ಸಾಕಷ್ಟು ಎದುರಾಳಿ ಬಿವೊಲ್‌ನ ತೋಳಿಗೇ ಬಿದ್ದವು, ಮೂವರು ಜಡ್ಜ್‌ಗಳೂ 115-113 ಎಂದು ಬಿವೊಲ್‌ಗೇ ಕೊಟ್ಟರು. ಬೆನ್ನು ಕ್ಯಾಮೆರಾ ಕಡೆ ಇದ್ದಾಗ ಗ್ಲೌಸ್‌ಗೆ ಬಿದ್ದದ್ದೂ ಮುಖಕ್ಕೆ ಬಿದ್ದಂತೆ ಕಾಣುತ್ತದೆ. ಅಂಥದಕ್ಕೆ ಗೀಟು ಹಾಕಬೇಡಿ, ರೀಪ್ಲೇ ಬರಲಿ. ಅಂಕಿಅಂಶವನ್ನೂ ಒಂಟಿಯಾಗಿ ನಂಬಬೇಡಿ. 2015ರಲ್ಲಿ ಮೇವೆದರ್ ಎದುರು ಪಕ್ಯಾವ್ 429 ಏಟು ಬೀಸಿ 81 ಮಾತ್ರ ತಗುಲಿಸಿದ ಎಂದು ಏಟು ಎಣಿಸುವ ಕಾಂಪ್ಯೂಬಾಕ್ಸ್ ಲೆಕ್ಕ ಹೇಳುತ್ತದೆ. ಅದರಲ್ಲಿ ಮೇವೆದರ್ ತಪ್ಪಿಸಿದ್ದೆಷ್ಟು, ದೂರ ಸಾಲದೆ ತಾನಾಗಿ ತಪ್ಪಿದ್ದೆಷ್ಟು ಎಂದು ಅಂಕಿ ಹೇಳುವುದಿಲ್ಲ.

ಜಿಮ್‌ನ ಸ್ಪಾರಿಂಗ್ (ಅಭ್ಯಾಸದ ಸೆಣಸಾಟ) ವಿಡಿಯೋ ನೋಡಿ ಯಾರನ್ನೂ ಅಳೆಯಬೇಡಿ. ಅಲ್ಲಿ ಸಾಮಾನ್ಯವಾಗಿ 16 ಔನ್ಸ್ ಗ್ಲೌಸ್, ಅರ್ಧ ಮುಖ ಅದೇ ಮುಚ್ಚುತ್ತದೆ. ಬೌಟಿನಲ್ಲಿ ವೆಲ್ಟರ್‌ವೇಟ್ ಎಂಬ ತೂಕದ ವರ್ಗದವರೆಗೆ 8, ಅದಕ್ಕೂ ಮೇಲೆ 10 ಔನ್ಸ್. ಜಿಮ್‌ನಲ್ಲಿ ಗ್ಲೌಸ್‌ಗೆ ಸಿಕ್ಕ ಏಟು ಇಲ್ಲಿ ಸಂದಿಯಲ್ಲಿ ತೂರಿಬರುತ್ತದೆ.

ಕೊನೆಗೆ ಅವನ ಮುಂದಿನ ಬೌಟಿಗೆ ಮೊದಲೇ ಒಂದು ಸಾಲು ಬರೆದಿಡಿ: ಯಾವ ಏಟು, ರಿಂಗಿನ ಯಾವ ಜಾಗದಲ್ಲಿ, ಸುಮಾರು ಯಾವ ರೌಂಡಿನ ನಂತರ ಅವನಿಗೆ ತಗುಲುತ್ತದೆ. ಬೌಟಾದ ಮೇಲೆ ಆ ಸಾಲು ಸುಳ್ಳಾದರೆ ಮತ್ತೆ 10ನೇ ರೌಂಡಿನ ಕಾಲಿಗೇ ಹೋಗಿ. ತಪ್ಪು ಹೆಚ್ಚಾಗಿ ಅಲ್ಲೇ ಸಿಗುತ್ತದೆ.