ಗ್ರಾಫ್ ಹಾಳೆಯ ಮೇಲೆ ಡಾರ್ಕ್ ಮ್ಯಾಟರ್ ತೂಗುವುದು

ಕಣ್ಣಿಗೆ ಕಾಣದ, ಆದರೆ ಭಾರವಿರುವ ವಸ್ತು ಡಾರ್ಕ್ ಮ್ಯಾಟರ್. ಅದನ್ನು ತೂಗೋಕೆ ಟೆಲಿಸ್ಕೋಪ್ ಬೇಡ. ಗ್ರಾಫ್ ಹಾಳೆ, ಸ್ಕೇಲು, ಚೂಪಾದ ಪೆನ್ಸಿಲು, ಫೋನಿನ ಕ್ಯಾಲ್ಕುಲೇಟರ್ ಸಾಕು. ಹತ್ತನೇ ಕ್ಲಾಸಿನ ಮಕ್ಕಳ ಕೈಲಿ ಪ್ರತಿ ವರ್ಷ ಮಾಡಿಸುತ್ತೇನೆ. ಒಂದು ಪೀರಿಯಡ್ ಸಾಲದು, ಎರಡು ಬೇಕು.

ಮೊದಲು ಗ್ರಹಗಳು. ಅಡ್ಡ ಗೆರೆಯಲ್ಲಿ ಸೂರ್ಯನಿಂದ ದೂರ ಗುರುತು ಮಾಡಿ. ಭೂಮಿಯ ದೂರ 1 ಅಂತಿಟ್ಟುಕೊಂಡರೆ ಸೆಂಟಿಮೀಟರಿಗೆ 2. ನಿಂತ ಗೆರೆಯಲ್ಲಿ ವೇಗ, ಸೆಂಟಿಮೀಟರಿಗೆ 5 ಕಿ.ಮೀ. ಬುಧ 0.39ರಲ್ಲಿ ಸೆಕೆಂಡಿಗೆ 47.4 ಕಿ.ಮೀ., ಭೂಮಿ 29.8, ಗುರು 5.2ರಲ್ಲಿ 13.1, ಶನಿ 9.5ರಲ್ಲಿ 9.7, ನೆಪ್ಚೂನ್ 30ರಲ್ಲಿ ಬರೀ 5.4. ಚುಕ್ಕಿ ಸೇರಿಸಿದರೆ ಥೇಟ್ ಜಾರುಬಂಡೆ. ಭಾರವೆಲ್ಲ ನಡುವಿನ ಸೂರ್ಯನಲ್ಲೇ ಇರುವುದರಿಂದ ದೂರ ಹೋದಷ್ಟೂ ಹಿಡಿತ ಸಡಿಲ, ಓಟ ನಿಧಾನ.

ಈಗ ಹಾಳೆ ಮಗುಚಿ, ಆಂಡ್ರೊಮಿಡಾ ಗೆಲಾಕ್ಸಿಗೆ ಬನ್ನಿ. ಖಗೋಳ ವಿಜ್ಞಾನಿಗಳಾದ ವೆರಾ ರೂಬಿನ್ ಮತ್ತು ಕೆಂಟ್ ಫೋರ್ಡ್ 1970ರಲ್ಲಿ ಅದರ 67 ಅನಿಲ ಮೋಡಗಳ ವೇಗ ಅಳೆದು ಪ್ರಕಟಿಸಿದರು. ಆಮೇಲೆ ರೇಡಿಯೋ ದೂರದರ್ಶಕಗಳು ಹೈಡ್ರೋಜನ್ ಅನಿಲವನ್ನು ಇನ್ನೂ ಹೊರಗಿನವರೆಗೆ ಹಿಂಬಾಲಿಸಿದವು. ನಡುವಿನಿಂದ ಸುಮಾರು ಒಂದು ಲಕ್ಷ ಜ್ಯೋತಿರ್ವರ್ಷ ಆಚೆಗೂ ವೇಗ ಸೆಕೆಂಡಿಗೆ 225 ಕಿ.ಮೀ. ಆಸುಪಾಸು. ಜಾರುಬಂಡೆ ಎಲ್ಲಿ? ಗೆರೆ ಹೆಚ್ಚುಕಮ್ಮಿ ಅಂಗಳದಷ್ಟು ಸಮ.

ಅಷ್ಟು ದೂರದೊಳಗಿನ ಭಾರ ತೂಗುವ ಸೂತ್ರ ಚಿಕ್ಕದು: ವೇಗದ ವರ್ಗವನ್ನು ದೂರದಿಂದ ಗುಣಿಸಿ, ಗುರುತ್ವ ಸ್ಥಿರಾಂಕದಿಂದ ಭಾಗಿಸಿ. ಬಂದ ಕಿಲೋಗ್ರಾಂ ಉತ್ತರವನ್ನು ಸೂರ್ಯನ ಭಾರದಿಂದ ಭಾಗಿಸಿದರೆ ಎಷ್ಟು ಸೂರ್ಯರ ಭಾರ ಅಂತ ಸಿಗುತ್ತದೆ. ಒರಟು ಲೆಕ್ಕ, ನಮಗೆ ಸಾಕು. ದೂರವನ್ನೂ ವೇಗವನ್ನೂ ಮೀಟರಿಗೆ ತಿರುಗಿಸಲು ಮಾತ್ರ ಮರೆಯಬೇಡಿ. ಒಮ್ಮೆ ನಾನೇ ಬೋರ್ಡಿನ ಮೇಲೆ ವೇಗ 225 ಅಂತಲೇ ಹಾಕಿ ಲೆಕ್ಕ ಮುಗಿಸಿಬಿಟ್ಟೆ. ಹಿಂದಿನ ಬೆಂಚಿನಿಂದ, "ಮಿಸ್, ಅಷ್ಟು ದೊಡ್ಡ ಗೆಲಾಕ್ಸೀಲಿ ಬರೀ ಮೂರೂವರೆ ಲಕ್ಷ ಸೂರ್ಯರಾ?" ವರ್ಗ ಮಾಡುವಾಗ ಹತ್ತು ಲಕ್ಷ ಪಟ್ಟು ಕೈಬಿಟ್ಟಿತ್ತು. ಸರಿಯಾದ ಉತ್ತರ ಸುಮಾರು 35,000 ಕೋಟಿ ಸೂರ್ಯರು.

ಈಗ ಅದೇ ವೇಗಕ್ಕೆ ಅರ್ಧ ದೂರ ಹಾಕಿ: 17,500 ಕೋಟಿ. ಅಂದರೆ ಹೊರಗಿನರ್ಧದಲ್ಲಿ ಇನ್ನೂ 17,500 ಕೋಟಿ ಸೂರ್ಯರ ಭಾರ ಇರಬೇಕು. ಫೋಟೋ ನೋಡಿದರೆ ಅಲ್ಲಿ ಬೆಳಕು ಇಲ್ಲವೆನ್ನುವಷ್ಟು ಕಡಿಮೆ. ಆ ಕಾಣದ ಬಾಕಿಯೇ ಡಾರ್ಕ್ ಮ್ಯಾಟರ್. (ಕಪ್ಪು ಅನ್ನೋ ಹೆಸರೇ ನನಗೆ ಹಿಡಿಸದು. ಅದು ಬೆಳಕನ್ನು ತಡೆಯುವುದೇ ಇಲ್ಲ. ಗಾಜಿನ ಹಾಗೆ, ಗಾಜಿಗಿಂತ ಸ್ವಚ್ಛ.)

ವಿಶ್ವದ ಕೊನೆ ಹೇಗೆ ಅಂತ ಮಕ್ಕಳು ಕೇಳೇ ಕೇಳುತ್ತಾರೆ. ಅದು ಈ ಹಾಳೆಗೆ ಹಿಡಿಯದ ಲೆಕ್ಕ. ವಿಶ್ವದಲ್ಲಿ ಮಾಮೂಲಿ ವಸ್ತು ಸುಮಾರು 5%, ಡಾರ್ಕ್ ಮ್ಯಾಟರ್ 27%, ಹಿಗ್ಗುವಿಕೆಗೆ ವೇಗ ಕೊಡುವ ಡಾರ್ಕ್ ಎನರ್ಜಿ 68%. ಅದು ಹೀಗೇ ಉಳಿದರೆ ದೂರದ ಗೆಲಾಕ್ಸಿಗಳೆಲ್ಲ ಒಂದೊಂದಾಗಿ ಕಣ್ಮರೆ. ಆಂಡ್ರೊಮಿಡಾ ಹಾಗಲ್ಲ. ನೀವೀಗ ತೂಗಿದ ಭಾರ, ನಮ್ಮ ಹಾಲುಹಾದಿಯ ಭಾರ ಎರಡೂ ಸೇರಿ ಎಳೆದು, ಸೆಕೆಂಡಿಗೆ ಸುಮಾರು 110 ಕಿ.ಮೀ. ವೇಗದಲ್ಲಿ ಅದು ಇತ್ತಲೇ ಬರುತ್ತಿದೆ. ಮುಂದಿನ 1,000 ಕೋಟಿ ವರ್ಷದಲ್ಲಿ ಎರಡೂ ಒಂದಾಗುವ ಸಂಭವ ಅರ್ಧಕ್ಕರ್ಧ ಅಂತ 2025ರ ಲೆಕ್ಕ.

ನವೆಂಬರ್ ನಡುವೆ, ರಾತ್ರಿ ಒಂಬತ್ತಕ್ಕೆ, ಊರದೀಪ ಇಲ್ಲದ ಹೊಲದಲ್ಲಿ ಉತ್ತರಕ್ಕೆ ಮುಖ ಮಾಡಿ. ಇಂಗ್ಲಿಷ್ ಎಂ ಅಕ್ಷರದಂಥ ಐದು ಚುಕ್ಕಿ ಕಾಣುತ್ತವೆ. ಕೈ ಚಾಚಿ, ನಡುವಿನ ಚುಕ್ಕಿಯಿಂದ ಒಂದು ಗೇಣು ಮೇಲೆ ನೋಡಿದರೆ ಒರೆಸಿದ ಸೀಮೆಸುಣ್ಣದಂಥ ಮಸುಕು, ಅದೇ ಆಂಡ್ರೊಮಿಡಾ. ನೆಟ್ಟಗೆ ನೋಡಬೇಡಿ, ಓರೆಗಣ್ಣಿಗೇ ಚೆನ್ನಾಗಿ ಸಿಗುತ್ತದೆ.