ಹಳೆಯ ಜಿಪ್ಸಿ ಕೊಳ್ಳುವ ಮುನ್ನ ಗೋಣಿಚೀಲ ಹಾಸಿ ಮಲಗಿ

ತೀರ್ಥಹಳ್ಳಿ, ಹೊಸನಗರದ ಕಡೆಯ ತೋಟದವರು ಹಳೆಯ ಮಾರುತಿ ಜಿಪ್ಸಿಯನ್ನು ನೋಡಲು ಹೋದಾಗ ಬಾನೆಟ್ ಎತ್ತಿಸುತ್ತಾರೆ, ಎಂಜಿನ್ನಿನ ಸದ್ದು ಕೇಳಿ ತಲೆಯಾಡಿಸುತ್ತಾರೆ, ಡಾಂಬರು ರಸ್ತೆಯಲ್ಲಿ ಎರಡು ಕಿಲೋಮೀಟರ್ ಓಡಿಸಿ ಮುಂಗಡ ಕೊಟ್ಟು ಬರುತ್ತಾರೆ. ನನ್ನ ಮೊದಲ ಜಿಪ್ಸಿಯನ್ನು ನಾನೂ ಹೀಗೆಯೇ ಕೊಂಡಿದ್ದೆ. ಎಂಜಿನ್ ಈ ಗಾಡಿಯಲ್ಲಿ ಎಲ್ಲಕ್ಕಿಂತ ಕಡಿಮೆ ತಂಟೆಯ ಭಾಗವೆಂದೂ, ಹಣವನ್ನೆಲ್ಲ ನುಂಗುವುದು ಕಾಲಡಿಯ ತಗಡು ಮತ್ತು ಮುಂದಿನ ಆಕ್ಸಲ್ ಎಂದೂ ತಿಳಿಯಲು ನನಗೆ ಒಂದು ಪೂರ್ತಿ ಮಳೆಗಾಲ ಬೇಕಾಯಿತು.

ಮೊದಲು ಕಾಲವನ್ನು ಆರಿಸಿಕೊಳ್ಳಿ. ಮೇ ತಿಂಗಳಲ್ಲಿ ಹೊಸ ಬಣ್ಣ ಬಳಿದು ನಿಲ್ಲಿಸಿದ ಗಾಡಿಯನ್ನು ನೋಡಬೇಡಿ. ಜುಲೈ, ಆಗಸ್ಟ್‌ನಲ್ಲಿ ಜಡಿಮಳೆ ಹಿಡಿದಾಗ ಹೋಗಿ ನೋಡಿ. ಟಾರ್ಚು, ಉದ್ದನೆಯ ಸ್ಕ್ರೂಡ್ರೈವರ್, ಗೋಣಿಚೀಲ, ಒಳ್ಳೆಯ ಜಾಕ್, ಎರಡು ಗಟ್ಟಿ ಮರದ ದಿಮ್ಮಿಗಳು ಜೊತೆಯಲ್ಲಿರಲಿ. ನೆರವಿಗೆ ಒಬ್ಬರು ಬೇಕೇ ಬೇಕು.

ಎರಡನೆಯದು ತುಕ್ಕು. ಹಿಂದಿನ ರಬ್ಬರ್ ಹಾಸನ್ನು ಪೂರ್ತಿ ಎತ್ತಿಸಿ ನೋಡಿ. ನಮ್ಮ ಕಡೆಯ ಜಿಪ್ಸಿಗಳು ಗೊಬ್ಬರದ ಚೀಲ ಹೊತ್ತಿರುತ್ತವೆ, ಕೊಳೆರೋಗದ ಔಷಧಿ ಹೊಡೆಯುವ ಕಾಲದಲ್ಲಿ ಮೈಲುತುತ್ತು, ಸುಣ್ಣ ಕಲಸಿದ ಬೋರ್ಡೋ ದ್ರಾವಣದ ಡ್ರಮ್ಮುಗಳನ್ನೂ ಹೊತ್ತಿರುತ್ತವೆ. ಮೈಲುತುತ್ತಿನ ನೀರು ಕಬ್ಬಿಣವನ್ನು ಕರಗಿಸಿ ಆ ಜಾಗದಲ್ಲಿ ತಾಮ್ರವನ್ನು ಕೂರಿಸುತ್ತದೆ. ಅದನ್ನು ಕಬ್ಬಿಣದ ಪಾತ್ರೆಯಲ್ಲಿ ಕದಡಬಾರದೆಂದು ಅಡಿಕೆ ಬೆಳೆಗಾರರಿಗೆಲ್ಲ ಗೊತ್ತು, ಆದರೆ ಅದೇ ನೀರು ಗಾಡಿಯ ತಗಡಿನ ಮೇಲೆ ಚೆಲ್ಲಿದಾಗ ಯಾರೂ ಒರೆಸುವುದಿಲ್ಲ. ಹಾಸಿನ ಅಡಿಯಲ್ಲಿ ತಿಳಿನೀಲಿ ಕಲೆಯೂ ಅದರ ಅಂಚಿನಲ್ಲಿ ಹೊಪ್ಪಳೆ ಎದ್ದ ಬಣ್ಣವೂ ಕಂಡರೆ ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿ. ಗಟ್ಟಿ ತಗಡು ಟಣ್ಣೆನ್ನುತ್ತದೆ, ಸತ್ತ ತಗಡು ಮೆತ್ತಗೆ ಡಬ್ ಎನ್ನುತ್ತದೆ. ಬಳಿಕ ಗೋಣಿಚೀಲ ಹಾಸಿ ಕೆಳಗೆ ಮಲಗಿ, ಚಾಸಿಯ ಮೇಲೆ ಬಾಡಿ ಕೂರುವ ಜಾಗಗಳನ್ನೂ ಹಿಂದಿನ ಪಟ್ಟಾ ಸ್ಪ್ರಿಂಗ್ ನೇತಾಡುವ ಕೊಂಡಿಗಳ ಸುತ್ತಲನ್ನೂ ಚುಚ್ಚಿ ನೋಡಿ. ಬಾಡಿಯ ತಗಡಿಗೆ ತೇಪೆ ಹಾಕಬಹುದು, ಕೊಂಡಿಯ ಬಳಿ ಚಾಸಿಯೇ ತೂತಾಗಿದ್ದರೆ ಬೆಲೆ ಎಷ್ಟೇ ಇಳಿದರೂ ಬಿಟ್ಟು ಬನ್ನಿ. ಅಡಿಗೆ ಹೊಸದಾಗಿ ದಪ್ಪ ಟಾರಿನಂಥ ಕಪ್ಪು ಲೇಪ ಬಳಿದಿದ್ದರೆ ಅದನ್ನು ಆರೈಕೆಯೆಂದು ತಿಳಿಯಬೇಡಿ. ತುಕ್ಕಿನ ಮೇಲೆಯೇ ಬಳಿದ ಆ ಲೇಪ ನೀರನ್ನು ಒಳಗೇ ಹಿಡಿದಿಟ್ಟು ಕಬ್ಬಿಣವನ್ನು ಇನ್ನಷ್ಟು ಬೇಗ ಕೊಲ್ಲುತ್ತದೆ.

ಮೂರನೆಯದು ಮುಂದಿನ ಆಕ್ಸಲ್. ಎಲ್ಲರೂ ಎಡವುವುದು ಇಲ್ಲಿಯೇ. ಹಿಂದಿನ ಚಕ್ರಗಳಿಗೆ ಅಡ್ಡ ಕೊಟ್ಟು, ಮುಂದಿನ ಒಂದು ಚಕ್ರವನ್ನು ಜಾಕಿನಿಂದ ಎತ್ತಿ, ಆಕ್ಸಲ್ ಅಡಿಗೆ ಮರದ ದಿಮ್ಮಿಯನ್ನು ಇಡಿ. ಅಂಗಳದಲ್ಲಿ ಬಿದ್ದಿರುವ ಜಂಬಿಟ್ಟಿಗೆ ಕಲ್ಲನ್ನು ಇಡಬೇಡಿ, ಅದು ಭಾರಕ್ಕೆ ಪುಡಿಯಾದೀತು. ಈಗ ಚಕ್ರದ ತಲೆಗೊಂದು ಕೈ, ಬುಡಕ್ಕೊಂದು ಕೈ ಕೊಟ್ಟು ಒಳಗೂ ಹೊರಗೂ ಅಲ್ಲಾಡಿಸಿ. ಲಡಕ್ ಲಡಕ್ ಎಂದು ಆಟ ತೋರಿದರೆ ನೆರವಿನವರಿಗೆ ಬ್ರೇಕ್ ತುಳಿದು ಹಿಡಿಯಲು ಹೇಳಿ ಮತ್ತೆ ಅಲ್ಲಾಡಿಸಿ. ಬ್ರೇಕ್ ಹಿಡಿದಾಗ ಆಟ ನಿಂತರೆ ಸವೆದಿರುವುದು ವೀಲ್ ಬೇರಿಂಗ್, ಅದು ಸಣ್ಣ ಖರ್ಚು. ಬ್ರೇಕ್ ಹಿಡಿದರೂ ಆಟ ಉಳಿದರೆ, ಸ್ಟೇರಿಂಗ್ ತಿರುಗಿಸಿದಾಗ ಚಕ್ರ ಹೊರಳಲು ಆಧಾರವಾದ ಕಿಂಗ್‌ಪಿನ್ ಬೇರಿಂಗ್ ಹೋಗಿದೆಯೆಂದು ಅರ್ಥ. ಅವು ಒಂದೊಂದು ಬದಿಗೆ ಮೇಲೊಂದು ಕೆಳಗೊಂದರಂತೆ ಒಟ್ಟು ನಾಲ್ಕು ಇರುತ್ತವೆ. ಬದಲಿಸುವುದಾದರೆ ನಾಲ್ಕನ್ನೂ, ಸೀಲುಗಳ ಸಮೇತ, ಒಟ್ಟಿಗೇ ಬದಲಿಸಬೇಕು. ಹಳ್ಳ ಹಾರಿದೊಡನೆ ಸ್ಟೇರಿಂಗ್ ಗಡಗಡ ನಡುಗಿ, ಗಾಡಿಯನ್ನು ಪೂರ್ತಿ ನಿಧಾನಿಸುವ ತನಕ ನಿಲ್ಲದ ಜಿಪ್ಸಿಯ ಕುಖ್ಯಾತ ರೋಗಕ್ಕೆ ಬಹಳ ಸಲ ಇದೇ ಮೂಲ. ಇದನ್ನು ಮುಚ್ಚಲು ನಡುಕ ಹೀರುವ ಸ್ಟೇರಿಂಗ್ ಡ್ಯಾಂಪರ್ ಕೂರಿಸಿ ಮಾರುವ ಚಾಳಿಯೂ ಇದೆ. ಹೊಳೆಯುವ ಹೊಸ ಡ್ಯಾಂಪರ್ ಕಂಡರೆ ಚಕ್ರವನ್ನು ಇನ್ನೊಮ್ಮೆ ಅಲ್ಲಾಡಿಸಿ.

ಚಕ್ರ ಮೇಲಿರುವಾಗಲೇ ಅದರ ಹಿಂದಿರುವ ದುಂಡನೆಯ ಉಕ್ಕಿನ ಬಟ್ಟಲಿನ ಮೇಲೆ ಬೆರಳಾಡಿಸಿ. ತೆಳುವಾಗಿ ಗ್ರೀಸ್ ಅಂಟಿದರೆ ಸರಿ. ಬೆರಳಿನಿಂದ ಎಣ್ಣೆ ತೊಟ್ಟಿಕ್ಕಿದರೆ ಆಕ್ಸಲ್ಲಿನ ಒಳ ಸೀಲು ಹೋಗಿ, ಗೇರ್ ಎಣ್ಣೆ ಗ್ರೀಸಿನೊಂದಿಗೆ ಸೇರಿ ಗಂಜಿಯಾಗಿದೆ. ಅದು ನಾಳೆ ಬ್ರೇಕ್ ಡಿಸ್ಕಿಗೂ ಇಳಿಯಬಹುದು. ಬಟ್ಟಲು ಒಣಗಿ ಕೆಂಪಗೆ ತುಕ್ಕಿನ ಗುಳಿ ಬಿದ್ದಿದ್ದರೆ ಹೊಸ ಸೀಲು ಹಾಕಿದರೂ ಅದು ಬೇಗನೆ ಹರಿಯುತ್ತದೆ.

ನಾಲ್ಕನೆಯದು ಫೋರ್ ವೀಲ್ ಡ್ರೈವ್. ಇದನ್ನು ಡಾಂಬರಿನ ಮೇಲೆ ಹಾಕಿ ಪರೀಕ್ಷಿಸುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ, ಏಕೆಂದರೆ ಮುಂದಿನ, ಹಿಂದಿನ ಚಕ್ರಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಮಧ್ಯದ ಡಿಫರೆನ್ಷಿಯಲ್ ಇಲ್ಲದ ಈ ಗಾಡಿ ಒಣ ರಸ್ತೆಯ ತಿರುವಿನಲ್ಲಿ ತನ್ನ ಶಾಫ್ಟುಗಳನ್ನು ತಾನೇ ಹಿಂಡಿಕೊಳ್ಳುತ್ತದೆ. ಮುಂದಿನ ಚಕ್ರಗಳನ್ನು ಆಕ್ಸಲ್ ಶಾಫ್ಟಿಗೆ ಜೋಡಿಸುವ ಹಬ್ ಲಾಕ್ ಇರುವ ಗಾಡಿಯಾದರೆ ಎರಡೂ ಹಬ್ಬುಗಳನ್ನು ಲಾಕಿಗೆ ತಿರುಗಿಸಿ, ಒದ್ದೆ ಮಣ್ಣಿನಲ್ಲಿ ಮೆಲ್ಲಗೆ ನೇರ ಸಾಗುತ್ತ ಲಿವರನ್ನು ಫೋರ್ ಎಚ್‌ಗೆ (ನಾಲ್ಕೂ ಚಕ್ರಕ್ಕೆ ಬಲ, ಸಾಮಾನ್ಯ ವೇಗ) ಹಾಕಿ ನಿಲ್ಲಿಸಿ. ಎಂಜಿನ್ ಆರಿಸಿ, ಗೇರಿನಲ್ಲಿಟ್ಟು, ಮುಂದಿನ ಎರಡೂ ಚಕ್ರಗಳನ್ನು ಎತ್ತಿ ದಿಮ್ಮಿ ಕೊಡಿ. ಒಂದು ಚಕ್ರವನ್ನು ತಿರುಗಿಸಿದಾಗ ಇನ್ನೊಂದು ತಿರುಗುಮುರುಗಾಗಿ ತಿರುಗಬೇಕು. ಅದು ಸುಮ್ಮನೆ ನಿಂತಿದ್ದರೆ ಯಾವುದೋ ಒಂದು ಹಬ್ ಹಿಡಿಯುತ್ತಿಲ್ಲ. ಇಬ್ಬರೂ ಎರಡು ಬದಿಯಿಂದ ಚಕ್ರಗಳನ್ನು ಒಂದೇ ದಿಕ್ಕಿಗೆ ತಿರುಗಿಸಿದಾಗ ಎರಡೂ ಜೊತೆಯಾಗಿ ತಿರುಗಿಬಿಟ್ಟರೆ, ಎಂಜಿನ್ನಿನ ಬಲವನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸ್ ಮುಂದಿನ ಆಕ್ಸಲ್ಲಿಗೆ ಸೇರಿಯೇ ಇಲ್ಲ. ಆಮೇಲೆ ಫೋರ್ ಎಲ್‌ನಲ್ಲಿ (ವೇಗ ಕಡಿಮೆ, ಎಳೆತ ಹೆಚ್ಚು) ಕೆಸರಿನ ಇಳಿಜಾರು ಇಳಿದು ನೋಡಿ. ಆಕ್ಸಿಲರೇಟರಿನಿಂದ ಕಾಲೆತ್ತಿದಾಗ ಲಿವರ್ ತಾನಾಗಿ ಜಿಗಿದರೆ ಟ್ರಾನ್ಸ್‌ಫರ್ ಕೇಸ್ ಬಿಚ್ಚುವ ಖರ್ಚು ಕಾದಿದೆ. ಕ್ಲಚ್ ಬಿಟ್ಟಾಗ ಅಡಿಯಲ್ಲಿ ಟಕ್ ಎಂದರೆ ಪ್ರೊಪೆಲರ್ ಶಾಫ್ಟಿನ ಕ್ರಾಸುಗಳನ್ನೋ ಟ್ರಾನ್ಸ್‌ಫರ್ ಕೇಸಿನ ರಬ್ಬರುಗಳನ್ನೋ ಅನುಮಾನಿಸಿ.

ಮಾಲೀಕರು ಒಪ್ಪಿದರೆ ಮುಂದಿನ, ಹಿಂದಿನ ಆಕ್ಸಲ್ಲುಗಳ ಎರಡೂ ಡಿಫರೆನ್ಷಿಯಲ್ಲುಗಳ ತಳದ ಬಿರಡೆಯನ್ನು ಒಂದಿಷ್ಟು ಸಡಿಲಿಸಿ. ಕಾದ ಆಕ್ಸಲ್ ಹಳ್ಳದ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಗಾಳಿಯಾಡುವ ದಾರಿಯಾದ ಬ್ರೀದರ್ ಕಟ್ಟಿದ್ದರೆ ಸೀಲುಗಳ ಮೂಲಕ ನೀರನ್ನೇ ಎಳೆದುಕೊಳ್ಳುತ್ತದೆ. ಎಣ್ಣೆ ಹಾಲು ಹೆಚ್ಚಾದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಬೇರಿಂಗುಗಳು ಎಷ್ಟು ಕಾಲ ಹಾಗೆ ನೆಂದಿವೆಯೋ ಹೇಳಲಾಗದು.

ಎಂಜಿನ್ ಬಗ್ಗೆ ನನ್ನ ಮಾತು ಇಷ್ಟೇ: 2000ದ ಸುಮಾರಿಗೆ ಬಂದ ಎಂಪಿಎಫ್‌ಐ (ಪೆಟ್ರೋಲನ್ನು ಇಂಜೆಕ್ಟರಿನಿಂದ ಚಿಮ್ಮಿಸುವ) ಮಾದರಿಯನ್ನೇ ಹುಡುಕಿ, ಕಾರ್ಬ್ಯುರೇಟರಿನ ಗೋಜು ಬೇಡ.

ಕೊನೆಯದು ಕಾಗದಪತ್ರ ಮತ್ತು ಖರ್ಚು. ಚಾಸಿ ಮತ್ತು ಎಂಜಿನ್ ಸಂಖ್ಯೆಗಳನ್ನು ಆರ್‌ಸಿಯೊಂದಿಗೆ ಅಂಕಿ ಅಂಕಿ ಹೋಲಿಸಿ. ಈ ಗಾಡಿ ಪೆಟ್ರೋಲಿನದು. ಡೀಸೆಲ್ ಎಂಜಿನ್ ಕೂರಿಸಿ ಆರ್‌ಸಿಯಲ್ಲಿ ಬರೆಸದಿದ್ದರೆ ಮೈಲೇಜಿನ ಆಸೆಗೆ ಬೀಳಬೇಡಿ, ಅಪಘಾತವಾದ ದಿನ ವಿಮೆಯವರು ಅದನ್ನೇ ಹಿಡಿಯುತ್ತಾರೆ. ಪೆಟ್ರೋಲಿನಲ್ಲಿ ಲೀಟರಿಗೆ ಹತ್ತು ಕಿಲೋಮೀಟರ್ ಎಂದೇ ಲೆಕ್ಕ ಹಾಕಿ, ಅಂದರೆ ತಿಂಗಳಿಗೆ ಸಾವಿರ ಕಿಲೋಮೀಟರಿಗೆ ನೂರು ಲೀಟರ್. 2022ರ ಜೂನ್‌ನಲ್ಲಿ ನಿಗದಿಯಾದ ದರದಂತೆ ಥರ್ಡ್ ಪಾರ್ಟಿ ವಿಮೆಗೆ 970 ಸಿಸಿಯ ಹಳೆಯ ಜಿಪ್ಸಿಗೆ 2,094 ರೂಪಾಯಿ, 1298 ಸಿಸಿಯದಕ್ಕೆ 3,416 ರೂಪಾಯಿ, ತೆರಿಗೆ ಬೇರೆ. ಎಲ್ಲರೂ ಮರೆಯುವುದು ಮರುನೋಂದಣಿಯನ್ನು: 15 ವರ್ಷ ದಾಟಿದ ಕಾರಿಗೆ 2022ರ ಏಪ್ರಿಲ್‌ನಿಂದ 5,000 ರೂಪಾಯಿ ಶುಲ್ಕವಿದೆ, 20 ವರ್ಷ ಮೀರಿದ್ದಕ್ಕೆ 2025ರಲ್ಲಿ ಅದನ್ನು 10,000ಕ್ಕೆ ಏರಿಸಲಾಗಿದೆ, ಹಸಿರು ತೆರಿಗೆ ಇದರ ಮೇಲೆ. ಆರ್‌ಸಿಯ ಅವಧಿ ಮುಗಿಯಲು ಎಷ್ಟು ತಿಂಗಳಿದೆಯೆಂದು ನೋಡಿ, ಆ ಶುಲ್ಕವನ್ನೂ ನಾಲ್ಕು ಕಿಂಗ್‌ಪಿನ್ ಬೇರಿಂಗುಗಳ ಬೆಲೆಯನ್ನೂ ಮಾರುವವರ ಎದುರಿಗೇ ಕೂಡಿಸಿ, ಅವರು ಹೇಳಿದ ಮೊತ್ತದಲ್ಲಿ ಕಳೆದ ಮೇಲೆ ಚೌಕಾಸಿಗೆ ಕುಳಿತುಕೊಳ್ಳಿ.