ಪಾಠದ ವಿಡಿಯೊಗೆ ಬೀಗ ಹಾಕುವುದು ಹೇಗೆ?

ತುಮಕೂರಿನಲ್ಲಿ ಕೋಚಿಂಗ್ ನಡೆಸುವ ಮೇಷ್ಟ್ರುಗಳು ಈಗ ಮೊಬೈಲಿನಲ್ಲೂ ಪಾಠ ಮಾರುತ್ತಾರೆ. ಪಾವಗಡದಲ್ಲೋ ಶಿರಾದಲ್ಲೋ ಇರುವ ಹುಡುಗಿ ಬಸ್ಸಿನ ಖರ್ಚಿಲ್ಲದೆ ಎಫ್‌ಡಿಎ, ಪಿಎಸ್‌ಐ ಪರೀಕ್ಷೆಗೆ ಓದಬಹುದು. ಆದರೆ ಯಾರೋ ಒಬ್ಬರು ದುಡ್ಡು ಕೊಟ್ಟು ತಗೊಂಡ ಕೋರ್ಸು ಸ್ವಲ್ಪ ದಿನಕ್ಕೇ ಟೆಲಿಗ್ರಾಂ ಗ್ರೂಪಿನಲ್ಲಿ ಪುಕ್ಕಟೆ ಓಡಾಡುತ್ತದೆ. ನಿದ್ದೆಗೆಟ್ಟು ಪಾಠ ತಯಾರಿಸಿದವರ ಹೊಟ್ಟೆ ಉರಿಯುತ್ತದೆ, ಅಲ್ವಾ? ಕಳ್ಳತನವನ್ನು ಪೂರ್ತಿ ನಿಲ್ಲಿಸಲು ಯಾರಿಂದಲೂ ಆಗುವುದಿಲ್ಲ. ಆದರೆ ಅದನ್ನು ತುಂಬಾ ಕಷ್ಟದ ಕೆಲಸವಾಗಿ ಮಾಡಬಹುದು. ಅದಕ್ಕಿರುವ ದಾರಿಯೇ ಡಿಜಿಟಲ್ ರೈಟ್ಸ್ ಮ್ಯಾನೇಜ್‌ಮೆಂಟ್, ಚಿಕ್ಕದಾಗಿ ಡಿಆರ್‌ಎಂ. ಅಂದರೆ ದುಡ್ಡು ಕಟ್ಟಿದವರಿಗೆ ಮಾತ್ರ ವಿಡಿಯೊ ತೆರೆಯುವಂತೆ ಹಾಕುವ ಬೀಗ.

ಮೊದಲು ಒಳಗಿನ ಸೋರಿಕೆ ನಿಲ್ಲಿಸಿ

ದುಡ್ಡು ಖರ್ಚು ಮಾಡುವ ಮುಂಚೆ ನಿಮ್ಮ ಮೂಲ ಫೈಲ್ ಎಲ್ಲಿದೆ ನೋಡಿ. ಎಡಿಟಿಂಗ್ ಹುಡುಗನ ಪೆನ್‌ಡ್ರೈವ್‌ನಲ್ಲಿ ಒಂದು ಪ್ರತಿ, 'ಲಿಂಕ್ ಇರುವ ಯಾರು ಬೇಕಾದರೂ ನೋಡಬಹುದು' ಎಂದು ಬಿಟ್ಟ ಗೂಗಲ್ ಡ್ರೈವ್‌ನಲ್ಲಿ ಇನ್ನೊಂದು ಇದ್ದರೆ ಯಾವ ಡಿಆರ್‌ಎಂ ಹಾಕಿಯೂ ಪ್ರಯೋಜನವಿಲ್ಲ. ಯೂಟ್ಯೂಬಿನ 'ಅನ್‌ಲಿಸ್ಟೆಡ್' ಕೂಡ ರಕ್ಷಣೆಯಲ್ಲ. ಲಿಂಕ್ ಕೈಗೆ ಸಿಕ್ಕವರೆಲ್ಲ ನೋಡುತ್ತಾರೆ. ಡೆಮೊ ಪಾಠ, ಹಳೇ ಪ್ರಶ್ನೆಪತ್ರಿಕೆಯ ಚರ್ಚೆ ಇವನ್ನು ಮುಕ್ತವಾಗಿಯೇ ಬಿಡಿ, ಜನ ನೋಡಲಿ. ದುಡ್ಡು ತಗೊಂಡು ಕೊಡುವ ಪಾಠಗಳಿಗೆ ಮಾತ್ರ ಬೀಗ ಸಾಕು.

ಕೀ ಯಾರ ಕೈಯಲ್ಲಿದೆ?

ಇಡೀ ವಿಷಯದ ಜೀವ ಇರುವುದು ಇಲ್ಲಿ. ಇದೊಂದು ಅರ್ಥವಾದರೆ ಯಾವ ಕಂಪನಿಯೂ ನಿಮಗೆ ಟೋಪಿ ಹಾಕಲು ಆಗುವುದಿಲ್ಲ.

ವಿಡಿಯೊವನ್ನು ಮೊದಲು ಸಣ್ಣ ಸಣ್ಣ ತುಂಡು ಮಾಡಿ, ಎಇಎಸ್-128 ಎಂಬ ವಿಧಾನದಲ್ಲಿ ಗೂಢಲಿಪಿಗೆ ಬದಲಿಸುತ್ತಾರೆ. ಇದಕ್ಕೇ ಎನ್‌ಕ್ರಿಪ್ಷನ್ ಎನ್ನುವುದು. ಅದನ್ನು ಬಿಡಿಸಲು ಒಂದು ಕೀ ಬೇಕು. ನಿಮ್ಮ ವಿಡಿಯೊ ಇಟ್ಟುಕೊಂಡು ಓಡಿಸುವ ಕೆಲವು ಅಗ್ಗದ ಹೋಸ್ಟಿಂಗ್ ಸೇವೆಗಳು 'ನಮ್ಮಲ್ಲಿ ಎನ್‌ಕ್ರಿಪ್ಷನ್ ಇದೆ' ಎನ್ನುತ್ತವೆ. ಇದೆ, ಸುಳ್ಳಲ್ಲ. ಆದರೆ ಪ್ಲೇಯರ್ ಓದುವ ಎಂ3ಯು8 ಎಂಬ ವಿಡಿಯೊ ತುಂಡುಗಳ ಪಟ್ಟಿಯನ್ನು ತೆರೆದು ನೋಡಿದರೆ, 'ಎಕ್ಸ್-ಕೀ' ಎಂದು ಬರುವ ಸಾಲಿನಲ್ಲಿ ಆ ಕೀ ಇರುವ ವಿಳಾಸವೇ ಬರೆದಿರುತ್ತದೆ! ಲಾಗಿನ್ ಆದ ವಿದ್ಯಾರ್ಥಿ ಆ ವಿಳಾಸಕ್ಕೆ ಹೋದರೆ ಕೀ ಸಿಗುತ್ತದೆ. ವಿಡಿಯೊ ಬಿಡಿಸುವ ತಂತ್ರಾಂಶ ಪುಕ್ಕಟೆ ಸಿಗುತ್ತದೆ. ಮುಗೀತು.

ನಿಜವಾದ ಡಿಆರ್‌ಎಂನಲ್ಲಿ ಕೀ ಹೀಗೆ ಬಯಲಿಗೆ ಬರುವುದಿಲ್ಲ. ವಿದ್ಯಾರ್ಥಿ ಪ್ಲೇ ಒತ್ತಿದಾಗ ಫೋನು ಲೈಸೆನ್ಸ್ ಸರ್ವರ್‌ಗೆ ಕೋರಿಕೆ ಕಳಿಸುತ್ತದೆ. ಇವರು ದುಡ್ಡು ಕಟ್ಟಿದ್ದಾರಾ, ಅವಧಿ ಇನ್ನೂ ಇದೆಯಾ ಎಂದು ನೋಡಿ ಸರ್ವರ್ ಲೈಸೆನ್ಸ್ ಕೊಡುತ್ತದೆ. ಕೀ ಅದರೊಳಗೆ ಮುಚ್ಚಿಕೊಂಡೇ ಬರುತ್ತದೆ. ಅದನ್ನು ತೆರೆಯುವುದು ಫೋನಿನ ಅಥವಾ ಬ್ರೌಸರಿನ ಒಳಗಿರುವ ಡಿಆರ್‌ಎಂ ಭಾಗ ಮಾತ್ರ. ನೋಡುವವರ ಕೈಗೆ ಕೀ ಸಿಗುವುದೇ ಇಲ್ಲ.

ಸೇವೆ ಆರಿಸುವಾಗ ಕೇಳಬೇಕಾದ್ದು

ಆಂಡ್ರಾಯ್ಡ್ ಮತ್ತು ಕ್ರೋಮ್‌ಗೆ ಗೂಗಲ್‌ನ ವೈಡ್‌ವೈನ್, ಐಫೋನ್ ಮತ್ತು ಸಫಾರಿಗೆ ಆಪಲ್‌ನ ಫೇರ್‌ಪ್ಲೇ ಎಂಬ ಡಿಆರ್‌ಎಂ ಬೇಕು. ವಿಂಡೋಸ್ ಜಗತ್ತಿನಲ್ಲಿ ಮೈಕ್ರೋಸಾಫ್ಟ್‌ನ ಪ್ಲೇರೆಡಿ ಇದೆ. ಮೊದಲ ಎರಡೂ ಇವೆಯಾ ಎಂದು ಕೇಳಿ. ವೈಡ್‌ವೈನ್ ಒಂದೇ ಇದ್ದರೆ ಐಫೋನ್ ಇಟ್ಟುಕೊಂಡವರು ಪಾಠ ನೋಡುವುದು ಹೇಗೆ? ಇದನ್ನೆಲ್ಲ ನೀವೇ ಕಟ್ಟಬಹುದು, ವಿಡಿಯೊ ತುಂಡು ಮಾಡಿ ಗೂಢಲಿಪಿಗೆ ಬದಲಿಸುವ ಶಾಕಾ ಪ್ಯಾಕೇಜರ್‌ನಂಥ ಮುಕ್ತ ತಂತ್ರಾಂಶಗಳೂ ಇವೆ. ಆದರೆ ಲೈಸೆನ್ಸ್ ಸರ್ವರ್ ನಡೆಸುವುದು ಇಬ್ಬರು ಮೂವರು ಸೇರಿ ನಡೆಸುವ ಕೋಚಿಂಗ್‌ಗೆ ಆಗುವ ಕೆಲಸವಲ್ಲ. ಸಿದ್ಧ ಸೇವೆ ತಗೊಳ್ಳಿ ಅನ್ನುವುದೇ ನನ್ನ ಸಲಹೆ.

ಬಡ ವಿದ್ಯಾರ್ಥಿಯನ್ನು ಹೊರಗಿಡಬೇಡಿ

ಈ ಹಂತದಲ್ಲಿ ಅವಸರ ಬೇಡ. ವೈಡ್‌ವೈನ್‌ಗೆ ಎಲ್1, ಎಲ್2, ಎಲ್3 ಎಂಬ ಮೂರು ಮಟ್ಟಗಳಿವೆ. ಎಲ್1 ಇದ್ದರೆ ಕೀ ಮತ್ತು ಚಿತ್ರ ಎರಡನ್ನೂ ಫೋನಿನ ಹಾರ್ಡ್‌ವೇರ್‌ನಲ್ಲೇ ಇರುವ ಸುರಕ್ಷಿತ ಜಾಗ ಕಾಯುತ್ತದೆ. ಎಲ್3ರಲ್ಲಿ ತಂತ್ರಾಂಶದ ಕಾವಲು ಮಾತ್ರ. ಕಡಿಮೆ ಬೆಲೆಯ ಎಷ್ಟೋ ಫೋನ್‌ಗಳಲ್ಲಿ ಎಲ್3 ಇರುತ್ತದೆ. ಬಿಗಿ ಜಾಸ್ತಿ ಇರಲಿ ಎಂದು 'ಎಲ್1 ಮಾತ್ರ' ಎಂದು ಇಟ್ಟರೆ, ಕೂಲಿ ದುಡ್ಡಿನಲ್ಲಿ ಫೀಸು ಕಟ್ಟಿದ ಮನೆಯ ಹುಡುಗನ ಫೋನಿನಲ್ಲಿ ಪಾಠ ತೆರೆಯುವುದೇ ಇಲ್ಲ. ಇದು ಅನ್ಯಾಯ. ಎಲ್3 ಫೋನಿಗೆ 480ಪಿ ಗುಣಮಟ್ಟ, ಎಲ್1 ಇದ್ದರೆ ಎಚ್‌ಡಿ ಎಂದು ಇಡಿ. ಬೋರ್ಡಿನ ಅಕ್ಷರ ದಪ್ಪಗೆ ಬರೆದರೆ 480ಪಿಯಲ್ಲೂ ಕಾಣುತ್ತದೆ.

ಹಳ್ಳಿಗಳಲ್ಲಿ ನೆಟ್‌ವರ್ಕ್ ಕೈಕೊಡುತ್ತದೆ. ಹಾಗಾಗಿ ಆಫ್‌ಲೈನ್ ಡೌನ್‌ಲೋಡ್‌ಗೆ ಅವಕಾಶ ಕೊಡಿ. ಆ ಲೈಸೆನ್ಸಿಗೆ ಅವಧಿ ಹಾಕಬಹುದು. ಹದಿನೈದು ದಿನ ಎಂದಿಟ್ಟರೆ, ಅದು ಮುಗಿದ ಮೇಲೆ ಫೈಲ್ ಫೋನಿನಲ್ಲಿದ್ದರೂ ಓಡುವುದಿಲ್ಲ. ಒಂದು ಲಾಗಿನ್ ಎಷ್ಟು ಫೋನಿನಲ್ಲಿ ನಡೆಯಬೇಕು ಎಂಬುದಕ್ಕೂ ಮಿತಿ ಹಾಕಿ. ಎರಡು ಸಾಕು.

ಹೆಸರಿನ ಗುರುತು ಹಾಕಿ, ಪರೀಕ್ಷಿಸಿ

ಪಕ್ಕದ ಫೋನಿನ ಕ್ಯಾಮೆರಾ ಹಿಡಿದು ಪರದೆಯನ್ನೇ ಚಿತ್ರ ತೆಗೆದರೆ ಡಿಆರ್‌ಎಂ ಏನೂ ಮಾಡಲಾರದು. ಅಲ್ಲಿ ಕೆಲಸಕ್ಕೆ ಬರುವುದು ವಾಟರ್‌ಮಾರ್ಕ್. ನೋಡುತ್ತಿರುವವರ ಹೆಸರು, ಫೋನ್ ನಂಬರಿನ ಕೊನೆಯ ನಾಲ್ಕು ಅಂಕಿ ಪರದೆಯ ಮೇಲೆ ಜಾಗ ಬದಲಿಸುತ್ತಾ ತೆಳುವಾಗಿ ಓಡಾಡಲಿ. ಒಂದೇ ಮೂಲೆಯಲ್ಲಿದ್ದರೆ ಕತ್ತರಿಸಿಬಿಡುತ್ತಾರೆ. ಪೂರ್ತಿ ನಂಬರ್ ಬೇಡ, ಹೆಣ್ಣುಮಕ್ಕಳಿಗೆ ತೊಂದರೆಯಾದೀತು.

ಆಮೇಲೆ ನೀವೇ ಕಳ್ಳರಾಗಿ ನೋಡಿ. ಆಂಡ್ರಾಯ್ಡ್ ಫೋನಿನಲ್ಲಿ ಸ್ಕ್ರೀನ್ ರೆಕಾರ್ಡ್ ಒತ್ತಿ ಪಾಠ ಓಡಿಸಿ. ಧ್ವನಿ ಬಂದರೂ ಚಿತ್ರ ಕಪ್ಪಗಿರಬೇಕು. ಅಗ್ಗದ ಫೋನು, ಐಫೋನು, ಲ್ಯಾಪ್‌ಟಾಪ್ ಎಲ್ಲದರಲ್ಲೂ ನೋಡಿ. ಕಂಪ್ಯೂಟರಿನ ಕ್ರೋಮ್‌ನಲ್ಲಿ ರೆಕಾರ್ಡ್ ಆಗಿಬಿಡುವ ಸಾಧ್ಯತೆ ಇದೆ, ಅಲ್ಲಿ ಸಾಮಾನ್ಯವಾಗಿ ಎಲ್3 ಕಾವಲೇ ಇರುತ್ತದೆ. ಹಾಗಾದರೆ ದುಬಾರಿ ಕೋರ್ಸನ್ನು ಆ್ಯಪ್‌ನಲ್ಲಿ ಮಾತ್ರ ಕೊಡಿ.

ಸೋರಿಬಿಟ್ಟರೆ

ಕಾಪಿರೈಟ್ ಕಾಯ್ದೆಗೆ 2012ರಲ್ಲಿ 65ಎ ಕಲಂ ಸೇರಿದೆ. ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಇಂಥ ತಾಂತ್ರಿಕ ತಡೆಯನ್ನು ಮುರಿದವರಿಗೆ 2 ವರ್ಷದವರೆಗೆ ಜೈಲು ಮತ್ತು ದಂಡ ಆಗಬಹುದು. ಗ್ರೂಪಿನ ಲಿಂಕ್, ದಿನಾಂಕ, ವಾಟರ್‌ಮಾರ್ಕ್ ಕಾಣುವ ಸ್ಕ್ರೀನ್‌ಶಾಟ್ ಮೊದಲು ತೆಗೆದಿಟ್ಟುಕೊಳ್ಳಿ. ಆಮೇಲೆ ಆ ವೇದಿಕೆಯ ದೂರು ಅಧಿಕಾರಿಗೆ ಬರೆಯಿರಿ. ಪಾಠ ನಿಮ್ಮದೇ ಎನ್ನುವುದಕ್ಕೆ ದಾಖಲೆ ಜೊತೆಗಿರಲಿ. 2013ರ ಕಾಪಿರೈಟ್ ನಿಯಮಗಳ 75ನೇ ನಿಯಮದಂತೆ, ದೂರು ಸರಿ ಎಂದು ಕಂಡರೆ ವೇದಿಕೆ 36 ಗಂಟೆಯೊಳಗೆ ಅದನ್ನು ತಡೆಯಬೇಕು. ಈ ತಡೆ 21 ದಿನ ಇರುತ್ತದೆ. ಅಷ್ಟರೊಳಗೆ ನೀವು ಕೋರ್ಟ್ ಆದೇಶ ತರದಿದ್ದರೆ ವೇದಿಕೆ ಮತ್ತೆ ಅದನ್ನು ತೆರೆಯಬಹುದು. ಹಾಗಾಗಿ ದೂರು ಕಳಿಸಿದ ದಿನವೇ ವಕೀಲರನ್ನೂ ಕಾಣಿ.